ಬಾಗಿದ ಬೆನ್ನು ಹಣೆಬರಹವಲ್ಲ



ಕಾಯಕಕ್ಕೆ ಕಾಯವೇ ಆಧಾರ. ಕಾಯವು ಸೋತರೆ ಕಾಯಕ ನಿಲ್ಲುತ್ತದೆ. ಕಾಯಕ ನಿಂತರೆ ದಾಸೋಹವೂ ನಿಲ್ಲುತ್ತದೆ. ಆದುದರಿಂದಲೇ ಹನ್ನೆರಡನೆಯ ಶತಮಾನದ ಶರಣರು ಶರೀರವನ್ನು ದಂಡಿಸಿ ದಣಿಸುವ ಮಾರ್ಗವನ್ನು ಒಪ್ಪಲಿಲ್ಲ. ಲಿಂಗವನ್ನು ಧರಿಸಿದ ಅಂಗವನ್ನು ಪೂಜಾಮಂದಿರದಂತೆ ಶುಚಿಯಾಗಿ, ಸುಸ್ಥಿತಿಯಲ್ಲಿ ಇಟ್ಟುಕೊಳ್ಳುವುದು ಅವರಿಗೆ ಧರ್ಮದ ಒಂದು ಭಾಗವೇ ಆಗಿತ್ತು. ಈ ಮಂದಿರಕ್ಕೆ ನಡುಗಂಬವಾಗಿ ನಿಂತಿರುವುದು ಬೆನ್ನೆಲುಬು. ಯೋಗಶಾಸ್ತ್ರದಲ್ಲಿ ಅದಕ್ಕೆ ಮೇರುದಂಡವೆಂಬ ಹೆಸರು. ಆ ನಡುಗಂಬವನ್ನು ಕುರಿತು ನಮ್ಮ ಮನೆಗಳಲ್ಲಿ ಇರಬೇಕಾದಷ್ಟು ಎಚ್ಚರ ಇದೆಯೇ ಎಂಬುದು ವಿಚಾರ ಮಾಡಬೇಕಾದ ಸಂಗತಿ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳನ್ನು ಒಳಗೊಂಡ ನಮ್ಮ ನಿಡುಗಲ್ ಸೀಮೆಯ ಹಳ್ಳಿಗಳಿಗೆ ಪ್ರವಚನಕ್ಕೆಂದೋ ಜಾತ್ರೆಗೆಂದೋ ಹೋದಾಗಲೆಲ್ಲ ಒಂದು ದೃಶ್ಯ ನಮ್ಮ ಕಣ್ಣಿಗೆ ಬೀಳುತ್ತದೆ. ಇನ್ನೂ ಐವತ್ತು ದಾಟದ ತಾಯಿಯೊಬ್ಬಳು ಗೋಡೆ ಹಿಡಿದು ಮೇಲೇಳುತ್ತಾಳೆ. ಮೊನ್ನೆ ಮೊನ್ನೆಯವರೆಗೆ ನೇಗಿಲು ಹಿಡಿದಿದ್ದ ಗೌಡರು ಹಿಂದಿನಿಂದ ಯಾರಾದರೂ ಕೂಗಿದರೆ ಕುತ್ತಿಗೆ ತಿರುಗಿಸಲಾರದೆ ಇಡೀ ಮೈಯನ್ನೇ ತಿರುಗಿಸುತ್ತಾರೆ. ಕೇಳಿದರೆ, “ವಯಸ್ಸಾಯ್ತಲ್ಲ ಬುದ್ಧೀ, ಎಲ್ಲಾ ಹಣೆಬರಹ” ಎಂಬ ಒಂದೇ ಉತ್ತರ. ಈ ಉತ್ತರವನ್ನು ನಾವು ಒಪ್ಪಲಾರೆವು. ಬಾಗಿದ ಬೆನ್ನುಗಳಲ್ಲಿ ಬಹುಪಾಲು ಹಣೆಬರಹದಿಂದ ಬಾಗಿದವಲ್ಲ. ಕುಡಿಯುವ ನೀರಿನಿಂದ, ಹೊರುವ ಹೊರೆಯಿಂದ, ಕೂರುವ ಏಳುವ ರೂಢಿಯಿಂದ ಬಾಗಿದವು. ಈ ಮೂರನ್ನೂ ತಿದ್ದಿಕೊಳ್ಳುವುದು ಮನುಷ್ಯಪ್ರಯತ್ನಕ್ಕೆ ಸಾಧ್ಯವಾದುದು. ಅದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಮೇರುದಂಡದ ರಚನೆ

ಹುಟ್ಟಿದ ಮಗುವಿನ ಬೆನ್ನಿನಲ್ಲಿ ೩೩ ಕಶೇರುಕಗಳು, ಎಂದರೆ ಬೆನ್ನುಮೂಳೆಯ ಬಿಡಿ ತುಂಡುಗಳು ಇರುತ್ತವೆ. ಕುತ್ತಿಗೆಯಲ್ಲಿ ೭, ಎದೆಯ ಹಿಂಭಾಗದಲ್ಲಿ ೧೨, ಸೊಂಟದಲ್ಲಿ ೫. ಅದರ ಕೆಳಗಿನ ಐದು ಬೆಸೆದು ಒಂದಾಗುತ್ತವೆ. ತೀರ ಕೆಳಗಿನ ನಾಲ್ಕು ಬೆಸೆದು ಇನ್ನೊಂದಾಗುತ್ತವೆ. ಹೀಗೆ ಬೆಳೆದ ಮನುಷ್ಯನಲ್ಲಿ ಉಳಿಯುವುದು ೨೬. ಇವುಗಳ ನಡುನಡುವೆ ಮೆತ್ತೆಯಂತಹ ಬಿಲ್ಲೆಗಳಿವೆ. ವೈದ್ಯರು ಡಿಸ್ಕ್ ಎಂದು ಕರೆಯುವುದು ಇವನ್ನೇ. ಕಶೇರುಕಗಳ ಹಿಂಬದಿಯ ಕಾಲುವೆಯಲ್ಲಿ ಮೆದುಳಿನಿಂದ ಇಳಿದು ಬರುವ ಬೆನ್ನುಹುರಿ ಸಾಗುತ್ತದೆ. ಕೈಕಾಲುಗಳಿಗೆ ಚಲನೆಯನ್ನೂ ಸ್ಪರ್ಶಜ್ಞಾನವನ್ನೂ ಒದಗಿಸುವ ನರಗಳು ಅಲ್ಲಿಂದಲೇ ಹೊರಡುತ್ತವೆ.

ಈ ಬಿಲ್ಲೆಗಳ ವಿಷಯದಲ್ಲಿ ನೆನಪಿಡಬೇಕಾದ ಒಂದು ವಿಶೇಷವಿದೆ. ಬೆಳೆದವರ ಬಿಲ್ಲೆಗಳ ಒಳಭಾಗಕ್ಕೆ ರಕ್ತನಾಳಗಳಿಲ್ಲ. ಭಾರ ಬಿದ್ದಾಗ ಅವುಗಳಲ್ಲಿನ ನೀರಿನ ಅಂಶ ಹೊರಗೆ ಜಿನುಗುತ್ತದೆ. ಭಾರ ಇಳಿದಾಗ ಮರಳಿ ಹೀರಿಕೊಳ್ಳುತ್ತದೆ. ಆ ನೀರಿನೊಡನೆಯೇ ಪೋಷಣೆಯೂ ಬರಬೇಕು. ಬೆಳಿಗ್ಗೆ ಎದ್ದಾಗ ಇರುವುದಕ್ಕಿಂತ ಸಂಜೆಯ ಹೊತ್ತಿಗೆ ನಾವು ಒಂದು ಸೆಂಟಿಮೀಟರಿನಷ್ಟು ಗಿಡ್ಡವಾಗಿರುವುದಕ್ಕೆ ಇದೇ ಕಾರಣ. ಆದುದರಿಂದ ಅತಿಭಾರವು ಬೆನ್ನಿಗೆ ಹೇಗೆ ಶತ್ರುವೋ ಅಲುಗಾಡದೆ ಕೂರುವುದೂ ಹಾಗೆಯೇ ಶತ್ರು. ಬೆನ್ನು ಬಯಸುವುದು ಮಿತವಾದ ಭಾರವನ್ನು ಮತ್ತು ಮೇಲಿಂದ ಮೇಲೆ ಚಲನೆಯನ್ನು.

ಕಲ್ಲಿನ ಸೀಮೆಯ ನೀರು

ಬೆನ್ನಿನ ಆರೋಗ್ಯವನ್ನು ಕುರಿತು ಬೇರೆ ಊರಿನವರು ಬರೆದರೆ ಕೂರುವ ಭಂಗಿಯಿಂದ ಆರಂಭಿಸಬಹುದು. ನಮ್ಮ ಸೀಮೆಯಲ್ಲಿ ಆರಂಭಿಸಬೇಕಾದುದು ನೀರಿನಿಂದ. ನಿಡುಗಲ್ ಎಂಬ ಹೆಸರೇ ನಿಡಿದಾದ ಕಲ್ಲು ಎಂದು ಸಾರುತ್ತದೆ. ಮಧುಗಿರಿಯ ಏಕಶಿಲಾ ಬೆಟ್ಟವನ್ನು ನೋಡದವರಾರು? ಈ ಕಗ್ಗಲ್ಲಿನ ಕೆಲವು ಖನಿಜಗಳಲ್ಲಿ ಫ್ಲೋರೈಡ್ ಅಂಶವಿದೆ. ನೀರು ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತಷ್ಟೂ ಅದು ನೀರಿಗೆ ಕರಗಿ ಸೇರುತ್ತದೆ. ಹಿಂದೆ ಕೆರೆ, ಕಲ್ಯಾಣಿ, ತೆರೆದ ಬಾವಿಗಳ ನೀರನ್ನು ಜನ ಕುಡಿಯುತ್ತಿದ್ದರು. ಮಳೆ ಕಡಿಮೆಯಾದ ಈ ನಾಡಿನಲ್ಲಿ ಕೆರೆಗಳು ಬತ್ತಿ, ಬಾವಿಗಳು ಒಣಗಿ, ಕೊಳವೆಬಾವಿಗಳು ನೂರಾರು ಅಡಿ ಕೆಳಗಿಳಿದ ಮೇಲೆ ಬಂಡೆಯೊಳಗಿನ ನೀರೇ ಬಿಂದಿಗೆಗೆ ಬಂದಿತು. ಪಾವಗಡ ತಾಲ್ಲೂಕಿನ ಹೆಸರು ಫ್ಲೋರೈಡ್ ಪೀಡಿತ ಪ್ರದೇಶಗಳ ಪಟ್ಟಿಯಲ್ಲಿ ಮುಂಚೂಣಿಗೆ ಬಂದುದು ಹೀಗೆ. ಶಿರಾ, ಮಧುಗಿರಿ, ಕೊರಟಗೆರೆ ಸೀಮೆಗಳೂ ಇದರಿಂದ ಪೂರ್ತಿ ಹೊರತಾಗಿಲ್ಲ.

ಭಾರತೀಯ ಮಾನಕದ ಪ್ರಕಾರ ಒಂದು ಲೀಟರ್ ಕುಡಿಯುವ ನೀರಿನಲ್ಲಿ ಫ್ಲೋರೈಡ್ ೧ ಮಿಲಿಗ್ರಾಂ ಮೀರಬಾರದು. ಬೇರೆ ಮೂಲವೇ ಇಲ್ಲದಲ್ಲಿ ೧.೫ ಮಿಲಿಗ್ರಾಂವರೆಗೆ ಸಹಿಸಬಹುದು. ಅದಕ್ಕೂ ಹೆಚ್ಚಾದರೆ ಮೊದಲು ಕಾಣಿಸಿಕೊಳ್ಳುವುದು ಮಕ್ಕಳ ಹಲ್ಲಿನಲ್ಲಿ. ಸುಣ್ಣದಂತಹ ಬಿಳಿ ಗೆರೆ, ಮುಂದೆ ಹಳದಿ ಅಥವಾ ಕಂದು ಪಟ್ಟೆ ಮೂಡುತ್ತದೆ. ಉಜ್ಜಿದರೆ ಹೋಗದ ಈ ಕಲೆ ಹಲ್ಲಿನ ಕೊಳೆಯಲ್ಲ, ಮನೆಯ ನೀರು ಬರೆದ ಎಚ್ಚರಿಕೆಯ ಪತ್ರ. ಅದನ್ನು ಓದದೆ ಹತ್ತಿಪ್ಪತ್ತು ವರ್ಷ ಅದೇ ನೀರನ್ನು ಕುಡಿದರೆ ಫ್ಲೋರೈಡ್ ಮೂಳೆಗಳಲ್ಲಿ ತಂಗುತ್ತದೆ. ಕಶೇರುಕಗಳನ್ನು ಕಟ್ಟಿಹಿಡಿದಿರುವ ಮೆದುವಾದ ಅಸ್ಥಿಬಂಧಗಳು ಸುಣ್ಣಗಟ್ಟಿ ಗಡುಸಾಗುತ್ತವೆ. ಬಿಡಿಬಿಡಿಯಾಗಿ ಬಾಗಬೇಕಾದ ಬೆನ್ನು ಒಂದೇ ಕಂಬದಂತೆ ಬಿಗಿಯುತ್ತದೆ. ತೀವ್ರವಾದಾಗ ಬೆನ್ನುಹುರಿಯ ಕಾಲುವೆ ಕಿರಿದಾಗಿ ಕಾಲಿನ ಶಕ್ತಿಯೇ ಕುಂದಬಹುದು. ನೆಲ್ಲೂರು ಜಿಲ್ಲೆಯ ಹಳ್ಳಿಗಳಲ್ಲಿ ಶಾರ್ಟ್ ಎಂಬ ವೈದ್ಯರೂ ಅವರ ಸಂಗಡಿಗರೂ ಈ ಮೂಳೆರೋಗವನ್ನು ಗುರುತಿಸಿ ಲೋಕಕ್ಕೆ ತಿಳಿಸಿದ್ದು ೧೯೩೭ರಷ್ಟು ಹಿಂದೆಯೇ. ಕೇಂದ್ರ ಸರ್ಕಾರ ಫ್ಲೋರೋಸಿಸ್ ನಿಯಂತ್ರಣಕ್ಕೆಂದೇ ರಾಷ್ಟ್ರೀಯ ಕಾರ್ಯಕ್ರಮವೊಂದನ್ನು ಆರಂಭಿಸಿದ್ದು ೨೦೦೮–೦೯ರಲ್ಲಿ.

ಮುಪ್ಪಿನ ನೋವಿಗೂ ನೀರಿನಿಂದ ಬಂದ ಬಿಗಿತಕ್ಕೂ ಇರುವ ವ್ಯತ್ಯಾಸವನ್ನು ಮನೆಯಲ್ಲಿಯೇ ಸ್ಥೂಲವಾಗಿ ಅರಿಯಲು ಮೂರು ಪರೀಕ್ಷೆಗಳುಂಟು. ಒಂದು, ಮಂಡಿ ಮಡಿಸದೆ ಬಾಗಿ ನೆಲದ ಮೇಲಿನ ನಾಣ್ಯವನ್ನು ಎತ್ತಿಕೊಳ್ಳುವುದು. ಎರಡು, ಗಲ್ಲವನ್ನು ಎದೆಗೆ ತಾಗಿಸುವುದು. ಮೂರು, ಎರಡೂ ಕೈಗಳನ್ನು ಮೇಲೆತ್ತಿ ಮೊಣಕೈ ಮಡಿಸಿ ತಲೆಯ ಹಿಂಭಾಗವನ್ನು ಮುಟ್ಟುವುದು. ಇವು ಕಷ್ಟವಾದರೆ ಅದೇ ರೋಗವೆಂದು ತೀರ್ಮಾನಿಸಬಾರದು. ಬೇರೆ ಕಾರಣಗಳೂ ಇರಬಹುದು. ಆದರೆ ನೀರಿನ ಪರೀಕ್ಷೆಯನ್ನೂ ವೈದ್ಯರ ಪರೀಕ್ಷೆಯನ್ನೂ ಮುಂದೂಡಬಾರದು. ಕ್ಷಕಿರಣ ಚಿತ್ರ ಮತ್ತು ಮೂತ್ರಪರೀಕ್ಷೆಯಿಂದ ನಿಜ ತಿಳಿಯುತ್ತದೆ. ಮೂಳೆ ಪೂರ್ತಿ ಬಿಗಿದ ಮೇಲೆ ಅದನ್ನು ಮೊದಲಿನಂತೆ ಮಾಡುವ ಔಷಧವಿಲ್ಲ. ಹಿರಿಯರ ಬೆನ್ನನ್ನು ಹಿಂದಿನ ಸ್ಥಿತಿಗೆ ತರಲಾಗದಿದ್ದರೂ ಮೊಮ್ಮಕ್ಕಳ ಬೆನ್ನನ್ನು ಕಾಪಾಡುವುದು ಇಂದೇ ನಮ್ಮ ಕೈಯಲ್ಲಿದೆ.

ಅಡಿಗೆಮನೆಯಿಂದ ಆರಂಭ

ನಮ್ಮ ಅನೇಕ ಮನೆಗಳಲ್ಲಿ ಒಂದು ರೂಢಿಯನ್ನು ಕಾಣುತ್ತೇವೆ. ಊರಿನ ಶುದ್ಧ ನೀರಿನ ಘಟಕದಿಂದ ಕ್ಯಾನು ತುಂಬಿ ತಂದು ಕುಡಿಯಲು ಬಳಸುತ್ತಾರೆ. ಅಡಿಗೆಗೆ ಮಾತ್ರ ಕೊಳವೆಬಾವಿಯ ನೀರೇ. ಯೋಚಿಸಿ ನೋಡಿರಿ. ಮುದ್ದೆಗೆ ಎಸರಿಟ್ಟ ನೀರು, ಅನ್ನ ಹೀರಿಕೊಂಡ ನೀರು, ಸಾರಿನ ನೀರು, ಎಲ್ಲವೂ ಹೊಟ್ಟೆಗೇ ಅಲ್ಲವೇ ಸೇರುವುದು? ಅರ್ಧ ವಿಷವನ್ನು ಬಿಟ್ಟು ಅರ್ಧವನ್ನು ಉಂಡಂತಾಯಿತು. ಸ್ನಾನಕ್ಕೆ, ಬಟ್ಟೆ ಪಾತ್ರೆ ತೊಳೆಯಲು ಯಾವ ನೀರಾದರೂ ನಡೆದೀತು. ಬಾಯಿಗೆ ಹೋಗುವುದೆಲ್ಲ ಶುದ್ಧ ನೀರೇ ಆಗಬೇಕು. ಇದು ಮೊದಲನೆಯ ನಿಯಮ.

ಎರಡನೆಯದಾಗಿ, ನೀರನ್ನು ಕಾಯಿಸಿದರೆ ಫ್ಲೋರೈಡ್ ಹೋಗುತ್ತದೆಂಬುದು ತಪ್ಪು ತಿಳಿವಳಿಕೆ. ಕಾಯಿಸಿದರೆ ರೋಗಾಣುಗಳು ಸಾಯುತ್ತವೆ ನಿಜ. ಆದರೆ ಆವಿಯಾಗಿ ಹೋಗುವುದು ನೀರು, ಉಳಿಯುವ ನೀರಿನಲ್ಲಿ ಫ್ಲೋರೈಡ್ ಇನ್ನಷ್ಟು ಮಂದವಾಗುತ್ತದೆ. ಬಟ್ಟೆಯಲ್ಲಿ ಸೋಸುವುದರಿಂದಾಗಲಿ ಸಾಮಾನ್ಯ ಕ್ಯಾಂಡಲ್ ಫಿಲ್ಟರಿನಿಂದಾಗಲಿ ಅದು ಹೋಗದು. ಆರ್‌.ಒ. ಯಂತ್ರ ಅಥವಾ ಸಕ್ರಿಯ ಅಲ್ಯುಮಿನಾ ತುಂಬಿದ ಸೋಸುಕದಂತಹ ಸಾಧನ ಕೆಲಸಕ್ಕೆ ಬರುತ್ತದೆ. ಅದೂ ಕಾಲಕಾಲಕ್ಕೆ ದುರಸ್ತಿ ಮಾಡಿಸಿದಲ್ಲಿ. ಆರ್‌.ಒ. ಘಟಕದಿಂದ ಹೊರಬೀಳುವ ತ್ಯಾಜ್ಯ ನೀರಿನಲ್ಲಿ ಫ್ಲೋರೈಡ್ ಮೊದಲಿಗಿಂತ ಹೆಚ್ಚಾಗಿರುತ್ತದೆ. ಅದನ್ನು ದನಕರುಗಳಿಗೂ ಕುಡಿಸಬಾರದು.

ಮೂರನೆಯದು ಮಳೆನೀರು. ಆಕಾಶದಿಂದ ಬೀಳುವ ನೀರಿನಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. ಒಂದು ಸಣ್ಣ ಲೆಕ್ಕ ಮಾಡೋಣ. ಮೂವತ್ತು ಚದರ ಮೀಟರಿನ ಮಾಳಿಗೆಯ ಮೇಲೆ ವರ್ಷಕ್ಕೆ ೫೦೦ ಮಿಲಿಮೀಟರ್ ಮಳೆ ಬಿದ್ದರೂ ೧೫,೦೦೦ ಲೀಟರ್ ನೀರಾಯಿತು. ಅದರಲ್ಲಿ ಐದರಲ್ಲೊಂದು ಪಾಲು ವ್ಯರ್ಥವಾದರೂ ೧೨,೦೦೦ ಲೀಟರ್ ಉಳಿಯಿತು. ಐದಾರು ಮಂದಿಯ ಮನೆಗೆ ಕುಡಿಯಲು, ಅಡಿಗೆಗೆ ದಿನಕ್ಕೆ ೩೦ ಲೀಟರ್ ಎಂದರೂ ವರ್ಷವಿಡೀ ಸಾಲುತ್ತದೆ. ಮೊದಲ ಮಳೆಯ ನೀರನ್ನು ಹೊರಗೆ ಬಿಟ್ಟು, ಮರಳು ಜಲ್ಲಿಯ ಸೋಸುಕದ ಮೂಲಕ ಹಾಯಿಸಿ, ಬೆಳಕು ಸೊಳ್ಳೆ ಹೋಗದಂತೆ ಮುಚ್ಚಿದ ತೊಟ್ಟಿಯಲ್ಲಿ ಸಂಗ್ರಹಿಸಬೇಕು. ಕುಡಿಯುವ ಮುನ್ನ ಕಾಯಿಸಬೇಕು. ಅಷ್ಟು ದೊಡ್ಡ ತೊಟ್ಟಿ ಕಟ್ಟಲಾಗದವರು ಅರ್ಧವನ್ನೇ ಹಿಡಿದಿಟ್ಟರೂ ಅರ್ಧ ವರ್ಷದ ರಕ್ಷಣೆ ದೊರೆಯಿತು. ತುಂಗಭದ್ರಾ ಜಲಾಶಯದ ಹಿನ್ನೀರನ್ನು ಪಾವಗಡ ಸೀಮೆಗೆ ತರುವ ಬಹುಗ್ರಾಮ ಯೋಜನೆಯನ್ನು ಸರ್ಕಾರ ಕೈಗೊಂಡಿದೆ. ನದಿಯ ನೀರು ನಲ್ಲಿಗೆ ಬಂದ ಊರಿನವರು ಅದನ್ನೇ ಅಡಿಗೆಗೆ ಮೀಸಲಿಡಬೇಕು.

ಊಟವೂ ಬೆನ್ನಿಗೆ ನೆರವಾಗುತ್ತದೆ. ಸುಣ್ಣದಂಶವುಳ್ಳ ಆಹಾರವು ಮೂಳೆಯನ್ನು ಬಲಪಡಿಸುವುದಲ್ಲದೆ ಕರುಳಿನಲ್ಲಿ ಫ್ಲೋರೈಡ್ ಹೀರುವಿಕೆಯನ್ನೂ ತಗ್ಗಿಸುತ್ತದೆ. ಈ ವಿಷಯದಲ್ಲಿ ನಮ್ಮ ಸೀಮೆ ಬಡವಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು ೩೫೦ ಮಿಲಿಗ್ರಾಂ ಸುಣ್ಣದಂಶವಿದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಅದು ಅತ್ಯಲ್ಪ. ಹುರುಳಿ, ಎಳ್ಳು, ನುಗ್ಗೆಸೊಪ್ಪು, ಮಜ್ಜಿಗೆ ಎಲ್ಲವೂ ಮನೆಯಲ್ಲಿರುವ ಪದಾರ್ಥಗಳೇ. ನೆಲ್ಲಿಕಾಯಿ, ನಿಂಬೆ, ಸೀಬೆಹಣ್ಣುಗಳಿಂದ ಸಿ ಜೀವಸತ್ವ ದೊರೆಯುತ್ತದೆ. ಬಿಸಿಲಿನಿಂದ ದೊರೆಯುವ ಡಿ ಜೀವಸತ್ವವಿಲ್ಲದೆ ಉಂಡ ಸುಣ್ಣದಂಶ ಮೂಳೆಗೆ ಸೇರದು. ಮನೆಯೊಳಗೇ ಇರುವ ಹಿರಿಯರೂ ಬಾಣಂತಿಯರೂ ದಿನಕ್ಕೆ ಸ್ವಲ್ಪ ಹೊತ್ತು ಬಿಸಿಲಿಗೆ ಬರಬೇಕು. ಮುದ್ದೆಯನ್ನು ಬಡವರ ಊಟವೆಂದು ತಿರಸ್ಕರಿಸಿ ಮಕ್ಕಳ ಕೈಗೆ ಬಿಸ್ಕತ್ತಿನ ಪೊಟ್ಟಣ ಕೊಡುವುದು ಅವರ ಬೆನ್ನಿಗೆ ಮಾಡುವ ಅಪಚಾರ. ಕರಿ ಚಹಾ, ಕಪ್ಪುಪ್ಪು, ತಂಬಾಕು, ಗುಟ್ಕಾಗಳಲ್ಲಿಯೂ ಫ್ಲೋರೈಡ್ ಇರುವುದರಿಂದ ಚಹಾ ಮಿತವಾಗಿರಲಿ. ತಂಬಾಕು, ಗುಟ್ಕಾ ಬೇಡವೇ ಬೇಡ.

ಹೊರುವುದಕ್ಕೂ ಒಂದು ಕ್ರಮ

ನೀರಿನ ತರುವಾಯ ಹೊರೆಯ ವಿಚಾರ. ಶರಣರಲ್ಲಿ ಬೆನ್ನು ಬಗ್ಗಿಸಿ ದುಡಿದವರು ಅನೇಕರು. ಮೋಳಿಗೆಯ ಮಾರಯ್ಯನವರು ಕಾಡಿನಿಂದ ಸೌದೆಯ ಹೊರೆ ಹೊತ್ತು ತಂದು ಮಾರುತ್ತಿದ್ದರು. ಆಯ್ದಕ್ಕಿ ಮಾರಯ್ಯನವರು ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಬಗ್ಗಿ ಆಯುತ್ತಿದ್ದರು. ಒಂದು ದಿನ ಅವರು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಅವರ ಧರ್ಮಪತ್ನಿ ಲಕ್ಕಮ್ಮನವರು ಅದನ್ನು ಮರಳಿಸಿ ಬರುವಂತೆ ಹೇಳಿದ ಪ್ರಸಂಗ ಎಲ್ಲರಿಗೂ ತಿಳಿದದ್ದೇ. ಅದು ಆಶೆಯನ್ನು ಕುರಿತ ಪಾಠ. ಆದರೂ ಬೆನ್ನಿನ ಮಟ್ಟಿಗೂ ಅದು ಸಲ್ಲುತ್ತದೆ: ಒಂದು ಸಲಕ್ಕೆ ಬೇಕಾದುದಕ್ಕಿಂತ ಹೆಚ್ಚು ಹೊರಬಾರದು.

ಭಾರ ಎತ್ತುವಾಗ ಬೆನ್ನಿನಲ್ಲಿ ನಡೆಯುವುದು ಹಳೆಯ ಕಾಲದ ಏತದ ಲೆಕ್ಕವೇ. ಬೆನ್ನೆಲುಬು ಏತದ ಕಂಬ. ಹಿಂಬದಿಯ ಸ್ನಾಯುಗಳು ಅದಕ್ಕೆ ಸುಮಾರು ಐದು ಸೆಂಟಿಮೀಟರ್ ದೂರದಲ್ಲಿ ಹಿಡಿದೆಳೆಯುತ್ತವೆ. ಮುಂದೆ ಚಾಚಿದ ಕೈಯಲ್ಲಿನ ಬಿಂದಿಗೆ ನಲವತ್ತು ಸೆಂಟಿಮೀಟರ್ ದೂರದಲ್ಲಿದ್ದರೆ, ಹದಿನೈದು ಕಿಲೋ ಬಿಂದಿಗೆಗೆ ಸ್ನಾಯುಗಳು ಅದರ ಎಂಟು ಪಟ್ಟು, ಎಂದರೆ ಸುಮಾರು ೧೨೦ ಕಿಲೋ ಬಲದಿಂದ ಎಳೆಯಬೇಕು. ಅದೇ ಬಿಂದಿಗೆಯನ್ನು ಮೈಗೆ ತಂದುಕೊಂಡು ದೂರವನ್ನು ಅರ್ಧ ಮಾಡಿದರೆ ಎಳೆತವೂ ಅರ್ಧವಾಗುತ್ತದೆ. ಇದರಿಂದ ಹುಟ್ಟುವ ನಿಯಮ ಸರಳ. ಭಾರದ ಹತ್ತಿರ ಹೋಗಿ, ಕಾಲುಗಳನ್ನು ಸ್ವಲ್ಪ ಅಗಲಿಸಿ, ಸೊಂಟದ ಬದಲು ಮಂಡಿ ಬಾಗಿಸಿ ಕುಳಿತು, ಭಾರವನ್ನು ಹೊಟ್ಟೆಗೆ ಅವಚಿಕೊಂಡು ತೊಡೆಯ ಬಲದಿಂದ ಏಳಬೇಕು. ಭಾರ ಹಿಡಿದಾಗ ಸೊಂಟ ತಿರುಚಬಾರದು. ತಿರುಗಬೇಕಾದರೆ ಪಾದಗಳನ್ನೇ ತಿರುಗಿಸಬೇಕು. ಮಂಡಿ ನೋವಿರುವವರು ಭಾರವನ್ನು ನೆಲದ ಮೇಲಿಡದೆ ಕಟ್ಟೆಯ ಮೇಲಿಟ್ಟುಕೊಳ್ಳಲಿ.

ಶುದ್ಧ ನೀರಿನ ಕ್ಯಾನಿನ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಇಪ್ಪತ್ತು ಲೀಟರಿನ ಕ್ಯಾನೆಂದರೆ ಇಪ್ಪತ್ತು ಕಿಲೋಗಿಂತ ಹೆಚ್ಚು ಭಾರ. ಮೂಳೆ ಕಾಯಬೇಕೆಂದು ತಂದ ನೀರೇ ಬೆನ್ನು ಮುರಿಯುವಂತಾಗಬಾರದು. ಹತ್ತು ಲೀಟರಿನ ಎರಡು ಕ್ಯಾನುಗಳನ್ನು ಎರಡೂ ಕೈಗಳಲ್ಲಿ ಸಮವಾಗಿ ಹಿಡಿದರೆ ಬೆನ್ನು ಒಂದು ಕಡೆಗೆ ವಾಲುವುದಿಲ್ಲ. ಬಿಂದಿಗೆಯನ್ನು ಸದಾ ಒಂದೇ ಸೊಂಟದ ಮೇಲೆ ಹೊರುವ ತಾಯಂದಿರು ಪಕ್ಕ ಬದಲಿಸಬೇಕು. ಇನ್ನೂ ಒಂದು ಮಾತು. ನೀರು ತರುವುದು ಹೆಂಗಸರ ಕೆಲಸವೆಂದು ಯಾವ ಶರಣರು ಹೇಳಿದರು? ಸೈಕಲ್ಲು, ಬೈಕು ಇರುವುದು ಗಂಡಸರ ಕೈಯಲ್ಲಿ. ಬಿಂದಿಗೆ ಇರುವುದು ಹೆಂಗಸರ ಸೊಂಟದಲ್ಲಿ. ಸ್ತ್ರೀಪುರುಷ ಸಮಾನತೆಯನ್ನು ಸಾರಿದ ಪರಂಪರೆಯ ಮನೆಗಳಲ್ಲಿ ಇದು ಶೋಭಿಸದು. ಬಸುರಿಯರಿಗೂ ಬಾಣಂತಿಯರಿಗೂ ನೀರು ಹೊರುವ ಕೆಲಸವನ್ನು ಹಚ್ಚಲೇಬಾರದು.

ಹೊಲದ ಕೆಲಸದಲ್ಲಿ ಬಾಗದೆ ವಿಧಿಯಿಲ್ಲ. ರಾಗಿ ಕೊಯ್ಲು, ಕಡಲೆಕಾಯಿ ಗಿಡ ಕೀಳುವುದು, ಕಳೆ ತೆಗೆಯುವುದು, ಎಲ್ಲವೂ ಗಂಟೆಗಟ್ಟಲೆ ಬಾಗುವ ಕೆಲಸಗಳೇ. ಅರ್ಧ ಗಂಟೆಗೊಮ್ಮೆ ನೆಟ್ಟಗೆ ನಿಂತು, ಎರಡೂ ಅಂಗೈಗಳನ್ನು ಸೊಂಟಕ್ಕೆ ಆನಿಸಿ, ನಿಧಾನವಾಗಿ ನಾಲ್ಕೈದು ಸಲ ಹಿಂದಕ್ಕೆ ಬಾಗಬೇಕು. ಇದಕ್ಕೆ ಒಂದು ನಿಮಿಷವೂ ಬೇಡ. ಒಂದೇ ಕೆಲಸವನ್ನು ದಿನವಿಡೀ ಮಾಡದೆ, ಕೀಳುವವರು ಸ್ವಲ್ಪ ಹೊತ್ತಿನ ಮೇಲೆ ಕಾಯಿ ಬಿಡಿಸಲು ಕೂರಲಿ, ಬಿಡಿಸುವವರು ಏಳಲಿ. ಸಾಲಿನ ಬೆಳೆಯಲ್ಲಿ ಎಡೆಕುಂಟೆ ಹೊಡೆದು ಕೈಕಳೆಯನ್ನು ಕಡಿಮೆ ಮಾಡಬಹುದು. ಉದ್ದ ಹಿಡಿಯ ಸಲಕರಣೆಗಳನ್ನು ಬಳಸಬಹುದು. ಮನೆಯಲ್ಲಿಯೂ ಪೊರಕೆಗೆ ಉದ್ದನೆಯ ಕೋಲು ಕಟ್ಟಿ, ಬಟ್ಟೆ ಒಗೆಯುವ ಕಲ್ಲನ್ನು ಸೊಂಟದೆತ್ತರಕ್ಕೆ ಏರಿಸಿದರೆ ತಾಯಂದಿರ ಬೆನ್ನಿಗೆ ದಿನನಿತ್ಯದ ಬಿಡುಗಡೆ ದೊರೆಯುತ್ತದೆ. ಗೊಬ್ಬರ, ಸಿಮೆಂಟಿನ ಚೀಲಗಳನ್ನು ಒಬ್ಬರೇ ಎತ್ತುವುದು ಶೌರ್ಯವಲ್ಲ, ಅವಿವೇಕ.

ಪೂಜೆಯ ಆಸನ, ಮಲಗುವ ಹಾಸಿಗೆ

ಇಷ್ಟಲಿಂಗ ಪೂಜೆಯೇ ನಮಗೆ ನೇರ ಕೂರುವುದನ್ನು ಕಲಿಸುವ ಗುರು. ಬೆನ್ನು ಕುಸಿದರೆ ಉಸಿರು ಕುಗ್ಗುತ್ತದೆ, ಉಸಿರು ಕುಗ್ಗಿದರೆ ದೃಷ್ಟಿ ಚಂಚಲವಾಗುತ್ತದೆ. ನಾಲ್ಕು ಪದರ ಮಡಿಸಿದ ಕಂಬಳಿಯನ್ನು ಪೃಷ್ಠದ ಕೆಳಗೆ ಮಾತ್ರ ಇಟ್ಟುಕೊಂಡರೆ ಸೊಂಟ ಮಂಡಿಗಳಿಗಿಂತ ಮೇಲಾಗಿ ಬೆನ್ನು ತಾನಾಗಿಯೇ ನೇರವಾಗುತ್ತದೆ. ಲಿಂಗವಿರುವ ಎಡಗೈಯನ್ನು ಎದೆಯ ಮಟ್ಟಕ್ಕೆ ತಂದುಕೊಳ್ಳಬೇಕೇ ಹೊರತು ಲಿಂಗದ ಕಡೆಗೆ ಕುತ್ತಿಗೆಯನ್ನು ಬಗ್ಗಿಸಬಾರದು. ಕೈ ದಣಿದರೆ ಮೊಣಕೈ ಕೆಳಗೆ ತೊಡೆಯ ಮೇಲೆ ಬಟ್ಟೆಯ ಮಡಿಕೆ ಇಟ್ಟುಕೊಳ್ಳಬಹುದು. ಕಾಲು ಮಡಿಚುವಾಗ ಒಂದು ದಿನ ಬಲಗಾಲು ಮೇಲಿದ್ದರೆ ಮರುದಿನ ಎಡಗಾಲು ಮೇಲಿರಲಿ. ತುಮಕೂರಿನ ಸಿದ್ಧಗಂಗಾ ಮಠದ ಡಾ. ಶಿವಕುಮಾರ ಮಹಾಸ್ವಾಮಿಗಳು (೧೯೦೭–೨೦೧೯) ನೂರು ವರ್ಷ ದಾಟಿದ ಮೇಲೂ ಪೂಜೆಯ ನಿಯಮವನ್ನು ಬಿಡದೆ ನಡೆಸಿದುದನ್ನು ನಾಡೇ ಕಂಡಿದೆ. ಮಿತಾಹಾರ, ಮುಂಜಾನೆಯ ಏಳುವಿಕೆ, ಬಿಡುವಿಲ್ಲದ ಚಟುವಟಿಕೆ ಅವರ ದಿನಚರಿಯಾಗಿತ್ತು.

ಇಲ್ಲಿ ಹಿರಿಯರ ಒಂದು ಸಂಕೋಚವನ್ನು ನಿವಾರಿಸಬೇಕಾಗಿದೆ. ನೆಲದ ಮೇಲೆ ಕೂರಲಾರದವರು ಕುರ್ಚಿಯಲ್ಲಿ ಕುಳಿತು ಪೂಜೆ ಮಾಡಿದರೆ ಲೋಪವಾಗುತ್ತದೆಯೇ ಎಂದು ಅನೇಕರು ನಮ್ಮನ್ನು ಕೇಳಿದ್ದುಂಟು. ಎಂದಿಗೂ ಇಲ್ಲ. ಲಿಂಗವು ಕೇಳುವುದು ಭಾವಶುದ್ಧಿಯನ್ನು. ಪಾದಗಳು ನೆಲಕ್ಕೆ ಪೂರ್ತಿ ತಾಗುವಂತಹ ಕುರ್ಚಿಯಲ್ಲಿ ಕುಳಿತು, ಸೊಂಟದ ಹಿಂದೆ ಸುತ್ತಿದ ಟವಲನ್ನಿಟ್ಟುಕೊಂಡು ನಿಶ್ಚಿಂತೆಯಿಂದ ಪೂಜೆ ಮಾಡಬಹುದು.

ಬೆನ್ನುನೋವಿಗೆ ಬರಿಯ ಹಲಗೆಯೇ ಒಳ್ಳೆಯದೆಂಬ ನಂಬಿಕೆ ಬಹಳ ಕಾಲದಿಂದ ಇದೆ. ಸ್ಪೇನ್ ದೇಶದಲ್ಲಿ ದೀರ್ಘಕಾಲದ ಸೊಂಟನೋವಿದ್ದ ೩೧೩ ಮಂದಿಯ ಮೇಲೆ ನಡೆಸಿ ೨೦೦೩ರಲ್ಲಿ ಪ್ರಕಟಿಸಿದ ಅಧ್ಯಯನವು, ತೀರ ಗಟ್ಟಿಯಾದ ಹಾಸಿಗೆಗಿಂತ ಮಧ್ಯಮ ಗಟ್ಟಿಯ ಹಾಸಿಗೆಯೇ ಹೆಚ್ಚು ಹಿತಕರವೆಂದು ತೋರಿಸಿತು. ನಡುವೆ ಹಳ್ಳ ಬೀಳದ, ಚೆನ್ನಾಗಿ ಬಡಿದು ಸಮ ಮಾಡಿದ ಹತ್ತಿಯ ಹಾಸಿಗೆ ಸಾಕು. ಪಕ್ಕಕ್ಕೆ ಮಲಗುವವರು ಮಂಡಿಗಳ ನಡುವೆ, ಅಂಗಾತ ಮಲಗುವವರು ಮಂಡಿಗಳ ಕೆಳಗೆ ಸಣ್ಣ ದಿಂಬನ್ನಿಟ್ಟುಕೊಂಡರೆ ಸೊಂಟ ಸಡಿಲವಾಗುತ್ತದೆ. ಏಳುವಾಗ ನೇರ ಜಿಗಿದೇಳದೆ, ಮಗ್ಗುಲಿಗೆ ಹೊರಳಿ, ಕೈ ಊರಿ ಏಳಬೇಕು.

ನಿತ್ಯ ಅರ್ಧ ಗಂಟೆಯ ನಡಿಗೆ ಬೆನ್ನಿನ ಬಿಲ್ಲೆಗಳಿಗೆ ಉಣಿಸಿದಂತೆ. ಅದರೊಡನೆ, ಅಂಗಾತ ಮಲಗಿ ಒಂದೊಂದೇ ಮಂಡಿಯನ್ನು ಎದೆಗೆ ತಂದುಕೊಳ್ಳುವುದು, ಮಂಡಿ ಮಡಿಸಿ ಪಾದ ಊರಿ ಸೊಂಟವನ್ನು ಮೇಲೆತ್ತುವ ಸೇತುಬಂಧ, ಬೋರಲು ಮಲಗಿ ಮೆಲ್ಲಗೆ ಎದೆಯೆತ್ತುವ ಭುಜಂಗಾಸನ, ಈ ಮೂರನ್ನು ಹತ್ತು ನಿಮಿಷ ಮಾಡಿದರೆ ಮನೆಮಂದಿಗೆಲ್ಲ ಸಾಕು. ಯಾವುದನ್ನೇ ಆಗಲಿ ನೋವು ಹೆಚ್ಚುವಷ್ಟು ಮಾಡಬಾರದು. ಮೂಳೆ ಸವೆದ ವೃದ್ಧರು ವೈದ್ಯರನ್ನು ಕೇಳಿಯೇ ಆರಂಭಿಸಬೇಕು.

ಮಕ್ಕಳ ಬೆನ್ನು

ಶಾಲೆಯ ಚೀಲದ ಭಾರ ಮಗುವಿನ ತೂಕದ ಹತ್ತರಲ್ಲೊಂದು ಪಾಲನ್ನು ಮೀರಬಾರದೆಂದು ೨೦೨೦ರ ಕೇಂದ್ರ ಸರ್ಕಾರದ ಶಾಲಾ ಚೀಲ ನೀತಿ ಹೇಳುತ್ತದೆ. ಇಪ್ಪತ್ತೈದು ಕಿಲೋ ತೂಗುವ ಮಗುವಿಗೆ ಎರಡೂವರೆ ಕಿಲೋ ಸಾಕು. ಎರಡೂ ಹೆಗಲಿಗೆ ಪಟ್ಟಿ ಹಾಕಿ, ಚೀಲ ಬೆನ್ನಿಗೆ ಅಂಟಿಕೊಂಡಿರುವಂತೆ ನೋಡಿಕೊಳ್ಳಬೇಕು. ಮೊಬೈಲನ್ನು ತೊಡೆಯ ಮೇಲಿಟ್ಟು ಗಂಟೆಗಟ್ಟಲೆ ತಲೆ ತಗ್ಗಿಸಿರುವ ಮಕ್ಕಳ ಕುತ್ತಿಗೆಯ ಮೇಲೆ ಐದು ಕಿಲೋ ತಲೆಯ ಭಾರ ಹಲವು ಪಟ್ಟಾಗುತ್ತದೆ. ಹಿರಿಯರೇ ಹಾಗೆ ಕುಳಿತಿದ್ದರೆ ಮಕ್ಕಳಿಗೆ ಹೇಳುವ ನೈತಿಕ ಬಲ ಎಲ್ಲಿಂದ ಬಂದೀತು? ತಿಂಗಳಿಗೊಮ್ಮೆ ಮಗುವಿನ ಹಲ್ಲನ್ನೂ, ಬರಿಬೆನ್ನು ಬಾಗಿಸಿ ಬೆನ್ನೆಲುಬಿನ ಗೆರೆಯನ್ನೂ ತಾಯಿ ನೋಡಬೇಕು. ಹಲ್ಲಿನಲ್ಲಿ ಪಟ್ಟೆ ಕಂಡರೆ ನೀರಿನ ಪರೀಕ್ಷೆ. ಬೆನ್ನಿನ ಒಂದು ಬದಿ ಉಬ್ಬಿದ್ದರೆ ವೈದ್ಯರ ಪರೀಕ್ಷೆ.

ನೋವು ಬಂದಾಗ

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ೨೦೨೦ರಲ್ಲಿ ಜಗತ್ತಿನ ಸುಮಾರು ೬೨ ಕೋಟಿ ಜನರಿಗೆ ಸೊಂಟನೋವಿತ್ತು. ಇದರಲ್ಲಿ ಬಹುಪಾಲು ಕೆಲವು ವಾರಗಳಲ್ಲಿ ತಾನಾಗಿಯೇ ತಗ್ಗುವಂಥದು. ಹಿಂದೆ ವಾರಗಟ್ಟಲೆ ಹಾಸಿಗೆ ಹಿಡಿಯಲು ಹೇಳುತ್ತಿದ್ದರು. ೧೯೮೬ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಏಳು ದಿನ ಮಲಗಲು ಹೇಳಿಸಿಕೊಂಡವರಿಗಿಂತ ಎರಡೇ ದಿನ ಮಲಗಲು ಹೇಳಿಸಿಕೊಂಡವರು ಬೇಗ ಕೆಲಸಕ್ಕೆ ಮರಳಿದರು. ನೋವು ಸಹಿಸುವಷ್ಟರಲ್ಲಿ ಓಡಾಡುತ್ತಿರುವುದೇ ಲೇಸು. ದೀರ್ಘಕಾಲದ ಸೊಂಟನೋವನ್ನು ಕುರಿತು ಅದೇ ಸಂಸ್ಥೆ ೨೦೨೩ರಲ್ಲಿ ಹೊರಡಿಸಿದ ಮಾರ್ಗಸೂಚಿಯು ವ್ಯಾಯಾಮವನ್ನು ಶಿಫಾರಸು ಮಾಡಿ, ಸೊಂಟದ ಬೆಲ್ಟುಗಳನ್ನು ರೂಢಿಯಾಗಿ ಬಳಸಬಾರದೆಂದು ಹೇಳಿದೆ. ಬೆನ್ನು ತುಳಿಸುವುದು, ಬರೆ ಹಾಕಿಸುವುದು, ಅಂಗಡಿಯ ನೋವಿನ ಮಾತ್ರೆಗಳನ್ನು ತಿಂಗಳುಗಟ್ಟಲೆ ನುಂಗಿ ಮೂತ್ರಪಿಂಡವನ್ನು ಕೆಡಿಸಿಕೊಳ್ಳುವುದು, ಇವನ್ನೆಲ್ಲ ಕೈಬಿಡಬೇಕು. ಮೂತ್ರಪಿಂಡ ಸೋತರೆ ದೇಹದಿಂದ ಫ್ಲೋರೈಡ್ ಹೊರಹೋಗುವ ದಾರಿಯೂ ಮುಚ್ಚುತ್ತದೆ.

ಆದರೆ ಕೆಲವು ಲಕ್ಷಣಗಳಲ್ಲಿ ತಡ ಮಾಡಬಾರದು. ಮಲಮೂತ್ರದ ಹತೋಟಿ ತಪ್ಪುವುದು ಅಥವಾ ಮೂತ್ರ ಕಟ್ಟುವುದು, ತೊಡೆಸಂದಿನಲ್ಲಿ ಸ್ಪರ್ಶ ತಿಳಿಯದಿರುವುದು, ಕಾಲುಗಳ ಬಲ ಕುಂದುವುದು, ಇವು ಕಂಡ ದಿನವೇ ಆಸ್ಪತ್ರೆಗೆ ಹೋಗಬೇಕು. ಸಂಜೆಯ ಜ್ವರ, ತೂಕ ಇಳಿಯುವುದು, ರಾತ್ರಿ ಮಲಗಿದರೂ ಬಿಡದ ನೋವು ಇದ್ದರೆ ಬೆನ್ನುಮೂಳೆಯ ಕ್ಷಯವಿರಬಹುದು. ಅದಕ್ಕೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ಔಷಧವಿದೆ. ಬಿದ್ದ ಮೇಲೆ ಬಂದ ನೋವನ್ನು, ಅದರಲ್ಲಿಯೂ ವಯಸ್ಸಾದ ತಾಯಂದಿರಲ್ಲಿ, ಉಳುಕೆಂದು ತಳ್ಳಿಹಾಕಬಾರದು.

ಸಮಾಜದ ಕರ್ತವ್ಯ

ಒಂದು ಮನೆ ತಾನೊಂದೇ ಕೊಳವೆಬಾವಿಯನ್ನು ಬದಲಿಸಲಾರದು. ಊರು ಒಂದಾದರೆ ಬದಲಿಸಬಹುದು. ೨೦೧೯ರಲ್ಲಿ ಆರಂಭವಾದ ಜಲಜೀವನ ಅಭಿಯಾನದಲ್ಲಿ ಪ್ರತಿ ಹಳ್ಳಿಯ ಐವರು ಮಹಿಳೆಯರಿಗೆ ನೀರಿನ ಪರೀಕ್ಷೆಯ ತರಬೇತಿ ಕೊಡುವ ವ್ಯವಸ್ಥೆಯಿದೆ. ನಮ್ಮ ಅಕ್ಕನ ಬಳಗದ ತಾಯಂದಿರು ಮುಂದೆ ಬಂದು ಆ ತರಬೇತಿಯನ್ನು ಪಡೆಯಲಿ. ಪಂಚಾಯಿತಿಯ ಹಲಗೆಯ ಮೇಲೆ ಯಾವ ನಲ್ಲಿಯ ನೀರಿನಲ್ಲಿ ಎಷ್ಟು ಫ್ಲೋರೈಡ್ ಇದೆಯೆಂದು ಬರೆಯಿಸಲಿ. ಮಠಗಳ ದಾಸೋಹದ ಅಡಿಗೆಮನೆಗೂ ಜಾತ್ರೆಯ ಅರವಟ್ಟಿಗೆಗೂ ಪರೀಕ್ಷಿಸಿದ ನೀರನ್ನೇ ಬಳಸುವುದು ನಿಯಮವಾಗಲಿ. ಮದುವೆ, ಗೃಹಪ್ರವೇಶಗಳ ದುಂದಿನಲ್ಲಿ ಒಂದು ಪಾಲನ್ನು ಉಳಿಸಿದರೆ ಬಡವರ ಮನೆಯೊಂದಕ್ಕೆ ಮಳೆನೀರಿನ ತೊಟ್ಟಿ ಆದೀತು. ಕೆರೆಯ ಹೂಳು ತೆಗೆಯುವುದು, ಕಲ್ಯಾಣಿಯನ್ನು ಶುಚಿ ಮಾಡುವುದು ಹಿಂದಿನವರಿಗೆ ಪುಣ್ಯಕಾರ್ಯವಾಗಿತ್ತು. ಕೆರೆಯಲ್ಲಿ ನೀರು ನಿಂತರೆ ಸುತ್ತಲಿನ ಅಂತರ್ಜಲವೂ ತಿಳಿಯಾಗುತ್ತದೆ.

ಬಾಗುವುದು ತಪ್ಪಲ್ಲ. ಗುರುಲಿಂಗಜಂಗಮಕ್ಕೆ ಭಕ್ತಿಯಿಂದ ಬಾಗೋಣ, ಭೂಮಿತಾಯಿಯ ಸೇವೆಗೆ ದುಡಿಮೆಯಿಂದ ಬಾಗೋಣ. ಆದರೆ ಬಾಗಿದ ಬೆನ್ನು ಮತ್ತೆ ನೆಟ್ಟಗಾಗುವಂತಿರಬೇಕು. ಈ ತಿಂಗಳು ಪ್ರತಿಯೊಂದು ಮನೆಯವರೂ ಎರಡು ಕೆಲಸ ಮಾಡಲಿ ಎಂಬುದು ನಮ್ಮ ಕೋರಿಕೆ. ಮನೆಯ ನೀರನ್ನು ಪರೀಕ್ಷೆ ಮಾಡಿಸಿರಿ. ಮನೆಯ ತಾಯಿಯ 손ಯ ಮೇಲಿನ ಬಿಂದಿಗೆಯನ್ನು ಇನ್ನೊಬ್ಬರು ಇಳಿಸಿಕೊಳ್ಳಿರಿ. ನಿಡುಗಲ್ ಸೀಮೆಯ ಮಕ್ಕಳು ನೆಟ್ಟನೆಯ ಬೆನ್ನಿನಿಂದ ಬೆಳೆದು, ಕಾಯಕ ದಾಸೋಹಗಳನ್ನು ಬಹುಕಾಲ ನಡೆಸುವಂತಾಗಲಿ ಎಂದು ಹಾರೈಸುತ್ತೇವೆ.